ಅಬ್ಬಾದ ಅಳುಮುಂಜಿ ಹಾಡುಗಳನ್ನೇ ಯಾಕೆ ಕೇಳ್ತೀರಾ?

ಪ್ರಶ್ನೆ ಹೀಗಿರುತ್ತದೆ: "ನೀವು ಅಬ್ಬಾ ಕೇಳ್ತೀರಾ? ಸೂಪರ್! ಆದ್ರೆ ಅವರ ಒಳ್ಳೊಳ್ಳೇ ಹಾಡು ಬಿಟ್ಟು ಆ ಕೊನೇ ಕಾಲದ ಅಳುಮುಂಜಿ ಹಾಡುಗಳನ್ನೇ ಯಾಕೆ ಹಾಕ್ಕೊಂಡು ಕೂರ್ತೀರಾ?"

ನನ್ನ ತಂಗಿ ಕೇಳಿದ್ದಾಳೆ. ತಂಗಿಯ ಗಂಡ ಕೇಳಿದ್ದಾರೆ. ಅವರ ಮಗ ಕೇಳಿದ್ದಾನೆ, ಅವನ ಗೆಳೆಯರೂ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಎರಡು ಬೆರಳು, ಒಂದು ಕನ್ನಡಿ ಇಟ್ಟುಕೊಂಡೇ ಕೇಳಿದ್ದರು. ಪಕ್ಕದ ಮನೆಯವರು ಮಾತ್ರ ಕೇಳಿಲ್ಲ. ಅವರು ಗೋಡೆಯಾಚೆಯಿಂದ ಹಾಡು ಕೇಳಿಯೇ ಸಾಕಾಗಿದ್ದಾರೆ. ಹೇಳಿ ಹೇಳಿ ನನಗೂ ಸಾಕಾಗಿದೆ. ಒಮ್ಮೆ ಬರೆದು ಇಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುವುದು.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಬ್ಬಾ ಸ್ವೀಡನ್ ದೇಶದ ಪಾಪ್ ಬ್ಯಾಂಡು. ಆಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರಿಡ್ ಎಂಬ ನಾಲ್ವರ ಹೆಸರಿನ ಮೊದಲ ಅಕ್ಷರ ಸೇರಿಸಿ ಇಟ್ಟುಕೊಂಡ ಹೆಸರು. ಅವರ ದೇಶದಲ್ಲಿ ಅದೇ ಹೆಸರಿನ ಮೀನಿನ ಡಬ್ಬಿ ಕಂಪನಿಯೊಂದಿತ್ತು. ಅದರ ಒಪ್ಪಿಗೆಯನ್ನೂ ತೆಗೆದುಕೊಂಡರು. ನಮ್ಮನ್ನು ಕೇಳಿದ್ದರೆ ನಾವೂ ಹೇಳುತ್ತಿದ್ದೆವು, ಮಂಡಕ್ಕಿ ಜೊತೆ ಖಾರದ ಮಿರ್ಚಿ ಕಚ್ಚಿದಾಗಲೆಲ್ಲ ನಮ್ಮ ಬಾಯಲ್ಲಿ ಬರೋದು ಅದೇ ಪದ ಅಂತ. ಇನ್ನು ಬೆನ್ನಿ. ದಾವಣಗೆರೆಯಲ್ಲಿ ಬೆಣ್ಣಿ ಅಂದರೆ ದೋಸೆ ಮೇಲೆ ಬೀಳೋದು. ನಮ್ಮಮ್ಮ ಕೊನೆಯವರೆಗೂ ಆ ಗಡ್ಡದವನನ್ನು "ಬೆಣ್ಣಿ" ಅಂತಲೇ ಕರೆದಳು.

ಆಗ್ನೆತಾ, ಬ್ಯೋರ್ನ್ ಒಂದು ಜೋಡಿ. ಬೆನ್ನಿ, ಫ್ರಿಡಾ (ಆನಿ-ಫ್ರಿಡ್ ಅವಳೇ) ಇನ್ನೊಂದು. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯಲ್ಲಿ 'ವಾಟರ್ಲೂ' ಹಾಡಿ ಗೆದ್ದರು. 1976ರಲ್ಲಿ 'ಡ್ಯಾನ್ಸಿಂಗ್ ಕ್ವೀನ್' ಬಂತು, ಊರೂರು ಕುಣಿಯಿತು. 1979ರ ಜನವರಿಯಲ್ಲಿ ಮೊದಲ ಜೋಡಿ ಬೇರೆಯಾಯಿತು, 1981ರ ಫೆಬ್ರವರಿಯಲ್ಲಿ ಎರಡನೆಯದು. ಅದೇ ವರ್ಷ ನವೆಂಬರ್ 30ಕ್ಕೆ 'ದಿ ವಿಸಿಟರ್ಸ್' ಎಂಬ ಆಲ್ಬಮ್ ಹೊರಬಂತು. ಮರುವರ್ಷ ಕೆಲವು ಬಿಡಿ ಹಾಡು. ಆಮೇಲೆ ಹೊಸ ಆಲ್ಬಮ್ ಬಂದಿದ್ದು 2021ರಲ್ಲಿ. ನಾನು ಹಾಕ್ಕೊಂಡು ಕೂರೋದು ಆ 'ವಿಸಿಟರ್ಸ್' ಮತ್ತು ಅದರ ಹಿಂದೆಯೇ ಬಂದ ಬಿಡಿ ಹಾಡುಗಳನ್ನು. ಇಷ್ಟೇ ನನ್ನ ಅಪರಾಧ.

ಮೊದಲು ಆ "ಒಳ್ಳೇ ಹಾಡು ಬಿಟ್ಟು" ಅನ್ನೋ ಮಾತಿಗೆ ಬರುತ್ತೇನೆ. ಬಿಟ್ಟವರು ಯಾರು? ಡ್ಯಾನ್ಸಿಂಗ್ ಕ್ವೀನ್ ನನಗೂ ಇಷ್ಟ. ತಂಗಿಯ ಮನೆಯ ಗೃಹಪ್ರವೇಶದಲ್ಲಿ ನಾನು ಅದಕ್ಕೆ ಕುಣಿದ ವಿಡಿಯೋ ಫ್ಯಾಮಿಲಿ ಗ್ರೂಪಿನಲ್ಲಿ ವರ್ಷಕ್ಕೊಮ್ಮೆ ತಿರುಗುತ್ತದೆ. ಆದರೆ ಆ ಹಾಡಿಗೆ ನನ್ನ ವಕಾಲತ್ತು ಬೇಕಾಗಿಲ್ಲ. ಅದು ಎಲ್ಲ ಮದುವೆ ಮನೆಯಲ್ಲೂ ಚೆನ್ನಾಗಿ ಉಂಡುಕೊಂಡು ಬದುಕುತ್ತಿದೆ.

ಎರಡನೆಯದು, "ಆಮೇಲಾಮೇಲೆ ಅವರು ಸೋತ್ರು ಅಲ್ವಾ?" ಅನ್ನುವವರು. ಇವರಿಗೆ ಲೆಕ್ಕ ಬೇಕು. ತಗೊಳ್ಳಿ. ದಿ ವಿಸಿಟರ್ಸ್ ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಹೌದು, ಅದರ 'ಹೆಡ್ ಓವರ್ ಹೀಲ್ಸ್' 25ಕ್ಕೆ ನಿಂತಿತು. 'ದಿ ಡೇ ಬಿಫೋರ್ ಯು ಕೇಮ್' 32ಕ್ಕೆ. 'ಅಂಡರ್ ಅಟ್ಯಾಕ್' 26ಕ್ಕೆ. ಸಾಲಾಗಿ ಮೊದಲ ಹತ್ತರೊಳಗೆ ಬಂದು ಅಭ್ಯಾಸವಾದವರಿಗೆ ಇದು ಪೆಟ್ಟೇ. ಅದಕ್ಕೇ ಆ ಹಾಡುಗಳನ್ನು ಯಾರೂ ತಿರುಗಿ ನೋಡಲಿಲ್ಲ. ಫಲಿತಾಂಶದ ಪಟ್ಟಿ ನೋಡಿ ಮಗುವನ್ನು ಮಾತಾಡಿಸುವ ನೆಂಟರ ಹಾಗೆ.

ಈ 32ನೇ ಸ್ಥಾನದ ಹಾಡಿನಿಂದಲೇ ಒಂದು ದಿನ ಕಾರಿನಲ್ಲಿ ಜಗಳವಾಯಿತು. ಅಶೋಕ ಟಾಕೀಸ್ ಹತ್ತಿರ ಇನ್ನೂ ರೈಲ್ವೆ ಗೇಟು ಹಾಕುತ್ತಿದ್ದ ಕಾಲ. ತಂಗಿಯ ಮಗ ಬೆಂಗಳೂರಿನಿಂದ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದಿದ್ದ. ಬೆಣ್ಣೆದೋಸೆ ತಿನ್ನಿಸಲು ಹೊರಟಿದ್ದೆವು. ಗೇಟು ಬಿತ್ತು. ಕಾರಿನಲ್ಲಿ ಆಗಷ್ಟೇ ಆ ಹಾಡು ಶುರುವಾಗಿತ್ತು. ಅದು ಹತ್ತಿರ ಹತ್ತಿರ ಆರು ನಿಮಿಷ. ಪಲ್ಲವಿ ಇಲ್ಲ. ಬೆನ್ನಿಯ ಸಿಂಥಸೈಜರ್ ಹೊಲಿಗೆ ಯಂತ್ರದ ಹಾಗೆ ಒಂದೇ ಸಮ ಓಡುತ್ತಿರುತ್ತದೆ. ಅದರ ಮೇಲೆ ಆಗ್ನೆತಾ ದಣಿದ ದನಿಯಲ್ಲಿ ತನ್ನ ಒಂದು ದಿನದ ವರದಿ ಒಪ್ಪಿಸುತ್ತಾಳೆ. ಎಂಟಕ್ಕೆ ಮನೆ ಬಿಟ್ಟಿದ್ದು, ರೈಲು, ಪೇಪರು, ಆಫೀಸು, ಊಟ, ಸಂಜೆ ಮತ್ತೆ ರೈಲು, ರಾತ್ರಿ ಟಿವಿ, ಹಾಸಿಗೆ.

"ದೊಡ್ಡಮ್ಮ, ಇದರಲ್ಲಿ ಏನೂ ಆಗೋದೇ ಇಲ್ವಲ್ಲ!" ಅಂದ ಇವನು. ಹಿಂದಿನ ಸೀಟಿನ ಹುಡುಗ ಮೆಲ್ಲಗೆ, "ಆಂಟಿ, ಡ್ಯಾನ್ಸಿಂಗ್ ಕ್ವೀನ್ ಇಲ್ವಾ?" ಅಂದ. ಇವನು ಬೆರಳು ಚಾಚಿದ, ಮುಂದಿನ ಹಾಡಿಗೆ ಹಾರಿಸಲು. ನಾನು ಕೈಗೆ ಹೊಡೆದೆ. ಸುಮ್ನೆ ಅಲ್ಲ, ಚಟಾರನೆ ಸದ್ದು ಬಂತು. ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ಹಾಡೂ ಹೋಗುತ್ತಲೇ ಇತ್ತು. ನಾಲ್ವರೂ ಮಾತಾಡದೆ ಕೂತೆವು. ದೋಸೆ ತಿನ್ನುವಾಗಲೂ ಆ ಗೆಳೆಯರು ನನ್ನನ್ನು ಹುಷಾರಾಗಿ ನೋಡುತ್ತಿದ್ದರು.

ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಆ ಹಾಡಿನಲ್ಲಿ ಅವಳಿಗೆ ಏನೂ ಸರಿಯಾಗಿ ನೆನಪಿಲ್ಲ. ಅವಳು ಹೇಳುವುದೆಲ್ಲ ಅಂದಾಜು. ಕನ್ನಡಕ್ಕೆ ತಂದರೆ ಸಾಲು ಸಾಲೂ 'ಇರಬೇಕು' ಅಂತ ಮುಗಿಯುತ್ತದೆ. ಮನೆ ಬಿಟ್ಟಿರಬೇಕು. ಪೇಪರ್ ಓದಿರಬೇಕು. ಮಾಮೂಲಿ ಜಾಗದಲ್ಲೇ ಊಟ ಮಾಡಿರಬೇಕು. ಮರುದಿನ ಯಾರೋ ಬಂದ. ಬಂದವನು ಬದುಕು ಹಸನು ಮಾಡಿದನೋ ಹಾಳು ಮಾಡಿದನೋ ಹಾಡು ಬಾಯಿ ಬಿಡುವುದಿಲ್ಲ. ಅವನು ಬರುವ ಹಿಂದಿನ ದಿನ ತಾನು ಹೇಗಿದ್ದೆ ಅಂತ ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ. ಹಿಂದೆ ಎಲ್ಲೋ ಫ್ರಿಡಾ ಮಾತಿಲ್ಲದೆ ಎತ್ತರದ ದನಿಯಲ್ಲಿ ಹಾಡುತ್ತಿರುತ್ತಾಳೆ. ಅವಳಿಗೆ ಮಾತ್ರ ಮುಂದಿನದೆಲ್ಲ ಗೊತ್ತಿರುವ ಹಾಗೆ.

ಹರಿಹರದ ಒಂದು ಆಫೀಸಿಗೆ ನಾನು ಹನ್ನೊಂದು ವರ್ಷ ರೈಲಿನಲ್ಲಿ ಹೋಗಿ ಬಂದೆ. ಎಂಟಕ್ಕೆ ಮನೆ ಬಿಡುತ್ತಿದ್ದೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಆ ಹನ್ನೊಂದು ವರ್ಷದಲ್ಲಿ ಒಂದು ಮಂಗಳವಾರವನ್ನು ಬಿಡಿಸಿ ಹೇಳು ಅಂದರೆ ನನ್ನ ಹತ್ತಿರ ಇರೋದೂ ಬರೀ 'ಇರಬೇಕು'ಗಳೇ. ಏನೂ ಆಗೋದೇ ಇಲ್ವಂತೆ!

ಆಲ್ಬಮ್ಮಿನಲ್ಲಿ ಒಂಬತ್ತು ಹಾಡು. ಎಲ್ಲವೂ ಬಂಗಾರ ಅನ್ನುವಷ್ಟು ಭಕ್ತಿ ನನಗಿಲ್ಲ. 'ಸೋಲ್ಜರ್ಸ್' ಅಷ್ಟಕ್ಕಷ್ಟೇ. ರೈಲ್ವೆ ಪ್ಲಾಟ್‌ಫಾರಂ ಗುಡಿಸುವವನೊಬ್ಬ ಪೇಪರಿನ ಜಾಹೀರಾತು ನೋಡಿ ಒಂದಕ್ಕೆ ಎರಡು ಹೆಣ್ಣು ಸಿಗುತ್ತದೆಂದು ಫೋನು ಮಾಡಿ, ಎರಡನೆಯವಳು ಆಕೆಯ ತಾಯಿ ಎಂದು ಗೊತ್ತಾಗುವ ಹಾಡೂ ಇದೆ. ಒಂದು ಸಲ ನಗಬಹುದು. ಆದರೆ ಮೊದಲ ಹಾಡು 'ದಿ ವಿಸಿಟರ್ಸ್' ಕೇಳಿ. ಸೋವಿಯತ್ ನಾಡಿನಲ್ಲಿ ಸರ್ಕಾರವನ್ನು ಎದುರಿಸಿದವರ ಮನೆ. ಬಾಗಿಲು ಬಡಿದ ಸದ್ದು. ಒಳಗೆ ಕೂತವಳ ಉಸಿರು. ಹೊಳೆಯುವ ಬಟ್ಟೆ ತೊಟ್ಟು ಕುಣಿಸಿದವರು ಇಂಥದ್ದನ್ನು ಮಾಡಿದರು. ಕೊನೆಯ ಹಾಡಿನಲ್ಲಿ ಗಡಿಯಾರದ ಟಿಕ್ ಟಿಕ್, ಮೆಲ್ಲಗಿನ ಸಿಂಥಸೈಜರ್, ಫ್ರಿಡಾಳ ಒಂಟಿ ದನಿ, ಅಷ್ಟೇ. ವಾದ್ಯ ಜಾಸ್ತಿ ಇದ್ದಷ್ಟೂ ಹಾಡು ದೊಡ್ಡದು ಅಂದುಕೊಂಡಿದ್ದ ನನಗೆ ಅದು ಪಾಠ. ಇನ್ನೊಂದು ತಮಾಷೆ ಗೊತ್ತಾ? 1982ರ ಆಗಸ್ಟಿನಲ್ಲಿ ಜರ್ಮನಿಯ ಕಾರ್ಖಾನೆಯಲ್ಲಿ ಮಾರಾಟಕ್ಕಾಗಿ ಮೊಟ್ಟಮೊದಲು ಅಚ್ಚಾದ ಸಿಡಿಗಳು ಇದೇ ಆಲ್ಬಮ್ಮಿನವು. ಹೊಸ ಕಾಲದ ಹೊಸ ತಟ್ಟೆ, ಅದರೊಳಗೆ ಮುರಿದ ನಾಲ್ವರು.

2021ರ 'ವಾಯೇಜ್' ಬಗ್ಗೆಯೂ ಕೇಳುತ್ತಾರೆ. 'ಡೋಂಟ್ ಶಟ್ ಮಿ ಡೌನ್' ಚೆನ್ನಾಗಿದೆ. ಕ್ರಿಸ್‌ಮಸ್ ಹಾಡು ಬೇಡವಾಗಿತ್ತು. ಮುಂದಕ್ಕೆ ಹೋಗೋಣ.

ನನಗೆ ಇದು ಸಿಕ್ಕ ಬಗೆ ಹೇಳಲೇಬೇಕು. ನಮ್ಮ ಮಹಡಿಯ ರೂಮಿನಲ್ಲಿ ಇಂಜಿನಿಯರಿಂಗ್ ಓದಲು ಉತ್ತರದ ಕಡೆಯಿಂದ ಬಂದ ಹುಡುಗನೊಬ್ಬ ಬಾಡಿಗೆಗಿದ್ದ. 1986ರಲ್ಲಿ ಓದು ಮುಗಿಸಿ ಹೋಗುವಾಗ ಒಂದು ತಿಂಗಳ ಬಾಡಿಗೆ ಬಾಕಿ ಇಟ್ಟ, ಜೊತೆಗೆ ಒಂದು ಪ್ಲಾಸ್ಟಿಕ್ ಬಕೆಟ್ಟು, ಎರಡು ಕ್ಯಾಸೆಟ್ಟು ಬಿಟ್ಟು ಹೋದ. ಬಕೆಟ್ಟು ಅಮ್ಮನಿಗೆ, ಕ್ಯಾಸೆಟ್ಟು ನನಗೆ. ಒಂದರಲ್ಲಿ ಎಲ್ಲರಿಗೂ ಗೊತ್ತಿರುವ ಹಾಡುಗಳು. ಇನ್ನೊಂದು 'ದಿ ವಿಸಿಟರ್ಸ್'.

ಅದರ ಚಿತ್ರವನ್ನು ನೀವು ನೋಡಿರಬಹುದು. ಕೆಂಪು ಮಿಶ್ರಿತ ಕತ್ತಲ ಕೋಣೆ. ಅದು ಸ್ಟಾಕ್‌ಹೋಮಿನಲ್ಲಿ ಯೂಲಿಯಸ್ ಕ್ರೊನ್‌ಬೆರಿ ಎಂಬ ಹಳೇ ಕಾಲದ ಚಿತ್ರಕಾರನ ಕೋಣೆಯಂತೆ. ಹಿಂದೆ ರೆಕ್ಕೆಯ ದೇವರ ದೊಡ್ಡ ಚಿತ್ರ. ಆ ದೇವರು ಎರೋಸ್, ನಮ್ಮ ಮನ್ಮಥ ಅಂದುಕೊಳ್ಳಿ. ಮನ್ಮಥನ ಮುಂದೆ ನಾಲ್ವರು ಒಬ್ಬೊಬ್ಬರು ಒಂದೊಂದು ಕಡೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ನಾನು ಅದನ್ನು ಹಿಡಿದು ಕೂತಿದ್ದಾಗ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಇಂಗ್ಲಿಷಿನ ಒಂದಕ್ಷರ ಬಾರದು. ಬಗ್ಗಿ ನೋಡಿ, "ಏನೇ ಇದು, ಪಾಲಾದೋರು ನಿಂತಂಗೆ ನಿಂತಾರಲ್ಲೇ!" ಅಂದಳು.

ಎಷ್ಟೋ ವರ್ಷ ಆದಮೇಲೆ ನಾನು ಓದಿ ತಿಳಿದುಕೊಂಡಿದ್ದನ್ನು ಅವಳು ಅಂಗೈಯಗಲದ ಕಾಗದ ನೋಡಿ ಹೇಳಿಬಿಟ್ಟಿದ್ದಳು.

ನೀವು ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಇಲ್ಲಿದೆ. ಅಳುಮುಂಜಿ ಹಾಡು ಯಾಕೆ ಅಂತ ಬೇಡ. ಪಾಲಾದ ಮೇಲೂ ಆ ನಾಲ್ವರು ದಿನಾ ಒಂದೇ ಸ್ಟುಡಿಯೋಕ್ಕೆ ಹೇಗೆ ಬಂದರು ಅಂತ ಕೇಳಿ. 'ವೆನ್ ಆಲ್ ಈಸ್ ಸೆಡ್ ಅಂಡ್ ಡನ್' ಮುಗಿದ ದಾಂಪತ್ಯದ ಹಾಡು. ಮಾತು ಬ್ಯೋರ್ನ್‌ದು. ಹಾಡಿದವಳು ಫ್ರಿಡಾ. ಅವಳನ್ನು ಬಿಟ್ಟ ಬೆನ್ನಿಯೇ ಕೀಬೋರ್ಡಿನ ಮುಂದೆ. 'ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್'ನಲ್ಲಿ ಸ್ಕೂಲಿನ ಬ್ಯಾಗು ಹಿಡಿದ ಮಗಳು ಬೆಳಿಗ್ಗೆ ಕೈ ಬೀಸಿ ಹೋಗುತ್ತಾಳೆ. ಅದು ಬ್ಯೋರ್ನ್ ತನ್ನ ಮಗಳನ್ನು ನೆನೆದು ಬರೆದಿದ್ದು. ಹಾಡಿದವಳು ಆ ಮಗುವಿನ ತಾಯಿ ಆಗ್ನೆತಾ. ಅಷ್ಟು ಹೊತ್ತಿಗೆ ಇಬ್ಬರ ಮನೆ ಬೇರೆ, ಅವನಿಗೆ ಇನ್ನೊಂದು ಮದುವೆಯೂ ಆಗಿತ್ತು. ಹಾಡು ಮುಗಿದ ಮೇಲೆ ಯಾರು ಮೊದಲು ಎದ್ದು ಹೊರಗೆ ಹೋದರು? "ಇನ್ನೊಂದು ಸಲ ಹಾಡು" ಅಂತ ಯಾರು ಹೇಳಿದರು? ನನಗೆ ಇಂಥವು ಬೇಕು.

ಯಾಕೆಂದರೆ ಇಂಥದ್ದನ್ನು ನಾನು ಮಂಡಿಪೇಟೆಯಲ್ಲಿ ನೋಡಿದ್ದೇನೆ. ನಮ್ಮದು ಕಿರಾಣಿ ಹೋಲ್‌ಸೇಲ್ ಅಂಗಡಿ. ಅಪ್ಪ, ದೊಡ್ಡಪ್ಪ ಸೇರಿ ನಡೆಸುತ್ತಿದ್ದರು. 1983ರಲ್ಲಿ ಪಾಲಾಯಿತು. ಮನೆ ಎರಡಾಯಿತು, ನಡುವೆ ಗೋಡೆ ಬಂತು. ಹಬ್ಬಕ್ಕೆ ಹೋಳಿಗೆ ಕೊಡುವುದೂ ನಿಂತಿತು. ಅಂಗಡಿಯನ್ನು ಮಾತ್ರ ಸೀಳಲಾಗಲಿಲ್ಲ. ಜಾಗ ಬಾಡಿಗೆಯದು, ಗಿರಾಕಿಗಳು ಹಳಬರು. ಹಾಗಾಗಿ ಗಲ್ಲಾ ಎರಡು ಮಾಡಿಕೊಂಡರು. ತಕ್ಕಡಿ ಒಂದೇ.

ಶಾಲೆ ಬಿಟ್ಟು ಬರುವಾಗ ಅಪ್ಪನಿಗೆ ಚಹಾ ಕೊಡಲು ಹೋಗುತ್ತಿದ್ದೆ. ಅವರಿಬ್ಬರ ನಡುವೆ ಮಾತಿಲ್ಲ. ಆದರೆ ಅಪ್ಪ ತೂಗಿ ಕೂಗುತ್ತಿದ್ದ, "ಬೆಲ್ಲ ಹತ್ತೂ..." ದೊಡ್ಡಪ್ಪ ತಲೆ ಎತ್ತದೆ, "ಹತ್ತೂ..." ಎಂದು ತಿರುಗಿ ಹೇಳಿ ಕಿರ್ದಿಯಲ್ಲಿ ಬರೆಯುತ್ತಿದ್ದ. "ಕಡ್ಲೆಬೇಳೆ ಐದೂ..." "ಐದೂ..." ಒಂದೇ ಮನೆಯ ಗಂಟಲು, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಹೀಗೆ ಏಳು ವರ್ಷ. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಜಗಳಕ್ಕೆ ಮೊದಲು ತಪ್ಪುತ್ತಿತ್ತು, ಯಾಕೆಂದರೆ ಆಗ ನಡುನಡುವೆ ನಗುತ್ತಿದ್ದರು.

ಆಗ್ನೆತಾ, ಫ್ರಿಡಾ ಜೊತೆಯಾಗಿ ಹಾಡುವ ಕಡೆ ಬಂದಾಗ ನನಗೆ ಆ ಬೆಲ್ಲ, ಕಡ್ಲೆಬೇಳೆ ಕೇಳಿಸುತ್ತದೆ. ಇದನ್ನು ಹಲ್ಲಿನ ಡಾಕ್ಟರಿಗೆ ಹೇಗೆ ಹೇಳಲಿ?

ಮೊನ್ನೆ ರಾತ್ರಿ ಆ 32ನೇ ಸ್ಥಾನದ ಹಾಡು ಕೇಳುತ್ತಾ ಒಂದು ಕೆಲಸಕ್ಕೆ ಕೂತೆ. ಪಾಲಾದ ದಿನ ಚೆನ್ನಾಗಿ ನೆನಪಿದೆ. ಪಂಚರು ಐದು ಜನ, ಹಜಾರದ ತುಂಬ ಚಪ್ಪಲಿ, ಒಳಗೆ ಅತ್ತೆಯಂದಿರ ಪಿಸುಮಾತು. ಅದರ ಹಿಂದಿನ ದಿನ? ತಂಗಿಗೆ ಫೋನು ಮಾಡಿ ಕೇಳಿದೆ. "ಅದೆಲ್ಲ ಯಾರಿಗೆ ಗೊತ್ತಿರುತ್ತಕ್ಕಾ, ಮಲಗು" ಅಂದಳು.

ಬೆಳಿಗ್ಗೆ ದೊಡ್ಡಪ್ಪ ಪೇಪರ್ ಓದಿ, ಮಡಚದೆ ಅಪ್ಪನ ಕಡೆ ತಳ್ಳಿರಬೇಕು. ನನ್ನ ಜಡೆಯನ್ನು ದೊಡ್ಡಮ್ಮನೇ ಹಾಕಿರಬೇಕು, ಯಾಕೆಂದರೆ ಅಮ್ಮ ಬಿಗಿಯಾಗಿ ಎಳೆಯುತ್ತಾಳೆಂದು ನಾನು ಅವಳ ಹತ್ತಿರವೇ ಹೋಗುತ್ತಿದ್ದೆ. ಸಂಜೆ ಮಂಡಕ್ಕಿ, ಮಿರ್ಚಿ ಬಂದಿರಬೇಕು, ಎಲ್ಲರಿಗೂ ಸೇರಿ ಒಂದೇ ಪೊಟ್ಟಣ. ರಾತ್ರಿ ಗಲ್ಲಾ ಎಣಿಸಿರಬೇಕು. ಆಗ ಗಲ್ಲಾ ಒಂದೇ ಇತ್ತು. ಎಣಿಸಿದ್ದು ಅಪ್ಪನೋ ದೊಡ್ಡಪ್ಪನೋ, ಎಷ್ಟು ಯೋಚಿಸಿದರೂ ಗೊತ್ತಾಗುತ್ತಿಲ್ಲ.