ಮನೆ ಹೆಸರು ಮೊದಲು: ಕಾಮಿಕ್ಸ್ ಕಪಾಟಿನ ಈ ವರ್ಷದ ಕೆಲಸ

ಮಳೆಗಾಲ ದಾಟಿತು, ಪುತ್ತರಿ ಹಬ್ಬವೂ ಮುಗಿಯಿತು. ಅರೇಬಿಕಾ ಕೊಯ್ಲಿಗೆ ಆಳು ಸಿಗದೆ ಊರೆಲ್ಲ ಪರದಾಡುತ್ತಿರುವಾಗ ಇವನು ಕಾಮಿಕ್ಸ್ ಕಪಾಟಿನ ಲೆಕ್ಕ ಬರೆಯಲು ಕೂತಿದ್ದಾನೆ ಎಂದರೆ ಮನೆಯಲ್ಲಿ ಯಾರಿಗೂ ಹಿತವಾಗುವುದಿಲ್ಲ. ಆದರೂ ಬರೆದಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವರ್ಷ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ನೆನಪಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ಹಿಡಿದ ಕೆಲಸ ಎರಡು: ಪುಸ್ತಕಗಳನ್ನು ತೇವದಿಂದ ಕಾಪಾಡುವ ವ್ಯವಸ್ಥೆ, ಯಾವುದು ಎಲ್ಲಿದೆ ಎಂದು ಹೇಳುವ ಪಟ್ಟಿ. ಮೊದಲನೆಯದು ಹೆಚ್ಚುಕಡಿಮೆ ಕೈಗೂಡಿದೆ. ಎರಡನೆಯದು ನಾನು ಎಣಿಸದ ದಾರಿ ಹಿಡಿಯಿತು.

ತೇವದ ಮಾತು ಮೊದಲು. ಮಡಿಕೇರಿಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮು ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಅಗ್ಗದ ನ್ಯೂಸ್‌ಪ್ರಿಂಟ್ ಯಾವ ಲೆಕ್ಕ? ಕಾಗದಕ್ಕೆ ಒಗ್ಗುವ ಆರ್ದ್ರತೆ ಶೇ. 35ರಿಂದ 50. ಶೇ. 65 ದಾಟಿ ಅಲ್ಲೇ ನಿಂತಿತೆಂದರೆ ಬೂಸ್ಟು ಏಳುವುದು ಖಂಡಿತ. ಜುಲೈಯಲ್ಲಿ ನನ್ನ ಕೋಣೆಯ ಮಾಪಕ 90ರ ಆಸುಪಾಸಿನಲ್ಲಿ ಗೂಟ ಹೊಡೆದುಕೊಂಡು ಕೂತಿತ್ತು.

ಇದಕ್ಕೆ ನಮ್ಮ ಕಡೆ ಹಳೆಯ ಉಪಾಯವೊಂದಿದೆ. ಬೀರುವಿನ ತಳದಲ್ಲಿ 40 ವಾಟಿನ ಬಲ್ಬೊಂದನ್ನು ಹಗಲಿರುಳು ಉರಿಸಿಡುವುದು. ಈಗ ಅಂಗಡಿಯಲ್ಲಿ ಬಲ್ಬು ಕೇಳಿದರೆ ಎಲ್‌ಇಡಿ ಕೊಡುತ್ತಾರೆ. ಅದು ಬೆಳಕು ಕೊಡುತ್ತದೆ, ಕರೆಂಟು ಉಳಿಸುತ್ತದೆ, ಬಿಸಿ ಮಾತ್ರ ಕೊಡುವುದಿಲ್ಲ. ನನಗೆ ಬೇಕಿದ್ದದ್ದು ಅದೊಂದೇ. ಹಳೆಯ ಬಲ್ಬು ಹುಡುಕಿ ತಂದರೂ ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಬರುವುದು ಯಾವಾಗಲೋ. ಹೀಗಾಗಿ ಬಲ್ಬನ್ನು ಕೈಬಿಟ್ಟೆ. ಇಡೀ ಕೋಣೆಯ ಗಾಳಿಯನ್ನು ಒಣಗಿಸುವ ಹುಚ್ಚು ಸಾಹಸದ ಬದಲು, ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿಯಿರುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತಂದು, ಒಳಗಿನ ಅಷ್ಟು ಗಾಳಿಯನ್ನು ಮಾತ್ರ ಸಿಲಿಕಾ ಜೆಲ್‌ನಿಂದ ಒಣಗಿಸಿಟ್ಟೆ. ಕಿತ್ತಳೆ ಬಣ್ಣದ ಹರಳುಗಳು ನೀರು ಕುಡಿದಂತೆಲ್ಲ ಹಸಿರಾಗುತ್ತವೆ. ಹಸಿರಾದದ್ದನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿದರೆ ಮತ್ತೆ ಕಿತ್ತಳೆ. ಕಾಯಿಸಲು ಅಮ್ಮನ ರೊಟ್ಟಿ ಹಂಚಿಗೆ ಕೈ ಹಾಕಿದಾಗ ಆದ ರಂಪವನ್ನು ಇಲ್ಲಿ ಬರೆಯುವುದು ಬೇಡ. ಈಗ ಅದಕ್ಕೆಂದೇ ಒಂದು ಹಳೆಯ ಬಾಣಲೆ ಇದೆ.

ಪೆಟ್ಟಿಗೆ ಮುಚ್ಚುವ ಹೊತ್ತನ್ನು ಗೊತ್ತುಮಾಡಿದವರು ಸೋದರಮಾವ. ಪಾರ್ಚ್‌ಮೆಂಟ್ ಕಾಫಿಯ (ಹಣ್ಣು ತೆಗೆದ, ಒಳಸಿಪ್ಪೆ ಉಳಿದ ಬೀಜ) ತೇವವನ್ನು ಶೇ. 10ಕ್ಕೆ ಇಳಿಸದೆ ಚೀಲದ ಬಾಯಿ ಕಟ್ಟದವರು ಅವರು. ‘ಹಸಿ ಇರುವಾಗ ಮುಚ್ಚಿದರೆ ಒಳಗೇ ಕೊಳೆಯುತ್ತದೆ, ನಿನ್ನ ಪುಸ್ತಕವಾದರೇನು, ನನ್ನ ಕಾಫಿಯಾದರೇನು’ ಎಂದರು. ಅದರಂತೆ ಕಾಫಿ ಅರಳಿಸುವ ಹೂಮಳೆಗೆ ಮೊದಲೇ, ಗಾಳಿ ಒಣಗಿದ್ದ ದಿನಗಳಲ್ಲಿ, ಹಿಂದಿನ ಜಗಲಿಯ ನೆರಳಿನಲ್ಲಿ ಪುಸ್ತಕಗಳನ್ನು ಹರಡಿ ಆರಿಸಿ ಆಮೇಲೆ ತುಂಬಿದೆ. ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಲಿಲ್ಲ.

ಹೆಚ್ಚು ಸಮಯ ತಿಂದದ್ದು ಪಿನ್ನುಗಳು. ಹಳೆಯ ಇಂದ್ರಜಾಲ ಕಾಮಿಕ್ಸ್‌ನ ನಡುಹಾಳೆ ಬಿಡಿಸಿದರೆ ಎರಡು ಪಿನ್ನುಗಳ ಸುತ್ತಲೂ ತುಕ್ಕಿನ ಕಂದು ವೃತ್ತ. ಅಲ್ಲಿ ಕಾಗದ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಎಳೆದರೆ ಹಾಳೆಯೇ ಕಿತ್ತುಬರುವುದು ಗ್ಯಾರಂಟಿ. ಬೆಣ್ಣೆ ಸವರುವ ಮೊಂಡು ಚಾಕುವಿನ ತುದಿಯನ್ನು ಪಿನ್ನಿನ ಮಡಿಸಿದ ಕಾಲಿನ ಕೆಳಗೆ ತೂರಿಸಿ, ಕೂದಲೆಳೆಯಷ್ಟು ಎತ್ತಿ, ಎರಡೂ ಕಾಲು ನೆಟ್ಟಗಾದ ಮೇಲೆ ಪುಸ್ತಕವನ್ನು ಕವುಚಿ ಹಾಕಿ ಬೆನ್ನಿನ ಕಡೆಯಿಂದ ಪಿನ್ನನ್ನು ಹೊರತೆಗೆಯಬೇಕು. ತುಕ್ಕಿನ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಗುಡಿಸಿ, ಅದೇ ತೂತುಗಳಲ್ಲಿ ಬಿಳಿ ಹತ್ತಿ ನೂಲು ಪೋಣಿಸಿ ಒಳಗಡೆ ಗಂಟು ಹಾಕಬೇಕು. ಹೊಸ ಪಿನ್ನು ಹೊಡೆದರೆ ಅದೂ ತುಕ್ಕು ಹಿಡಿಯುತ್ತದೆ. ಹಿಂದಕ್ಕೆ ಆಮ್ಲರಹಿತ ರಟ್ಟು, ಮೇಲೆ ಪಾಲಿಪ್ರೊಪಿಲೀನ್ ಚೀಲ. ಮೈಲಾರ್ ಚೀಲ ಇನ್ನೂ ಉತ್ತಮವೆನ್ನುತ್ತಾರೆ, ಆದರೆ ಅದರ ಬೆಲೆ ನೋಡಿದರೆ ಪುಸ್ತಕವನ್ನೇ ಇನ್ನೊಂದು ಕೊಳ್ಳಬಹುದು.

ಈ ಕೆಲಸ ನಡೆಯುತ್ತಿರುವಾಗಲೇ ನವೆಂಬರಿನಲ್ಲಿ ಸುದ್ದಿ ಬಂತು: 1939ರ ಸೂಪರ್‌ಮ್ಯಾನ್ ಮೊದಲ ಸಂಚಿಕೆಯ ಒಂದು ಪ್ರತಿ 91 ಲಕ್ಷ 20 ಸಾವಿರ ಡಾಲರಿಗೆ ಹರಾಜಾಯಿತು. ತೀರಿಕೊಂಡ ತಾಯಿಯ ಮನೆಯ ಅಟ್ಟವನ್ನು ಖಾಲಿ ಮಾಡುತ್ತಿದ್ದ ಮೂವರು ಸಹೋದರರಿಗೆ, ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಳೆಯ ವೃತ್ತಪತ್ರಿಕೆಗಳ ಕೆಳಗೆ ಸಿಕ್ಕಿತಂತೆ. ಉತ್ತರ ಕ್ಯಾಲಿಫೋರ್ನಿಯಾದ ತಂಪು ಹವೆಯಿಂದಾಗಿ ಕಾಗದ ಅಷ್ಟು ಚೆನ್ನಾಗಿ ಉಳಿದಿತ್ತು. ನನಗೆ ಹೊಟ್ಟೆಕಿಚ್ಚಾದದ್ದು ದುಡ್ಡಿಗಲ್ಲ, ಆ ಅಟ್ಟಕ್ಕೆ. ನಮ್ಮ ಅಟ್ಟದಲ್ಲಿ ಅದೇ ಪೆಟ್ಟಿಗೆಯನ್ನು ಇಟ್ಟಿದ್ದರೆ ಗೆದ್ದಲಿಗೆ ಒಂದು ಮಳೆಗಾಲವೂ ಹೆಚ್ಚಾಗುತ್ತಿತ್ತು. ಅಂಥ ಪ್ರತಿಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಸೀಲು ಮಾಡಿಬಿಡುತ್ತಾರೆ. ಮುಂದೆ ಯಾರೂ ಹಾಳೆ ತಿರುವುವಂತಿಲ್ಲ. ಓದಲಾಗದ ಕಥೆಗೆ ಇಷ್ಟು ಬೆಲೆ ಏಕೆ ಎಂಬುದು ನನ್ನ ತಲೆಗೆ ಹೋಗುವುದಿಲ್ಲ.

ಇನ್ನು ಪಟ್ಟಿಯ ವಿಷಯ. ಯಾರಾದರೂ ಮಾಡುವಂತೆ ನಾಯಕನ ಹೆಸರು, ಸಂಚಿಕೆಯ ಸಂಖ್ಯೆ ಎಂದು ಶುರು ಮಾಡಿದೆ. ಸಂಖ್ಯೆಯೇ ಕೈಕೊಟ್ಟಿತು. ಅಮೇಜಿಂಗ್ ಸ್ಪೈಡರ್‌ಮ್ಯಾನ್ 1963ರಲ್ಲಿ ಒಂದರಿಂದ ಹೊರಟು 441ಕ್ಕೆ ನಿಂತು, 1999ರಲ್ಲಿ ಮತ್ತೆ ಒಂದಾಯಿತು. 2003ರಲ್ಲಿ ಹಳೆಯ ಲೆಕ್ಕವೆಲ್ಲ ಕೂಡಿ 500 ಆಯಿತು. ಆಮೇಲೆ 2014, 2015, 2018, 2022ರಲ್ಲಿ ಪುನಃ ಪುನಃ ಒಂದು. 2025ರ ಏಪ್ರಿಲಿನಲ್ಲಿ ಇನ್ನೊಂದು ಒಂದು. ‘ಒಂದು’ ಎಂದು ಮುಖಪುಟದ ಮೇಲಿದ್ದರೆ ಮಾರಾಟ ಏರುತ್ತದೆ ಎಂಬುದು ಪ್ರಕಾಶಕರಿಗೆ ಚೆನ್ನಾಗಿ ಗೊತ್ತು. ಸೂಪರ್‌ಮ್ಯಾನ್ ಕಥೆಗಳ ಆ್ಯಕ್ಷನ್ ಕಾಮಿಕ್ಸ್ ಕೂಡ 2011ರಲ್ಲಿ ಒಂದಕ್ಕೆ ಇಳಿದು, 2016ರಲ್ಲಿ ಏಕಾಏಕಿ 957 ಎಂದು ಎದ್ದು, 2018ರಲ್ಲಿ ಸಾವಿರ ಮುಟ್ಟಿ ಸಂಭ್ರಮಿಸಿತು. ಅಮೆರಿಕದವರನ್ನೇ ಏಕೆ ಅನ್ನಬೇಕು? ಅಮರ ಚಿತ್ರಕಥೆಯ ‘ಕೃಷ್ಣ’ ಮೊದಲ ಪುಸ್ತಕವೆಂದು ಎಲ್ಲರೂ ತಿಳಿದಿರುತ್ತಾರೆ, ಅದರ ಸಂಖ್ಯೆ 11. ಮೊದಲ ಹತ್ತು ಬಂದದ್ದು 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ, ಕನ್ನಡದಲ್ಲಿ. ಅವು ಪಾಶ್ಚಾತ್ಯ ಕಿನ್ನರಿ ಕಥೆಗಳು. ಆ ಹತ್ತರಲ್ಲಿ ಒಂದೂ ನನ್ನ ಬಳಿ ಇಲ್ಲ ಎಂಬ ಕೊರಗು ಬೇರೆ.

ಒಂದು ಭಾನುವಾರ ಮಾವ ಬಂದವರು ನೆಲದ ಮೇಲಿದ್ದ ಬ್ಯಾಟ್‌ಮ್ಯಾನ್ ಸಂಪುಟವನ್ನು ಎತ್ತಿಕೊಂಡು ‘ಇವನು ಯಾರ ಮನೆಯವನು?’ ಎಂದರು. ‘ವೇಯ್ನ್ ಮನೆಯವನು’ ಎಂದಳು ಮಗಳು, ಮುಸುಕಿನ ಒಳಗಿನವನ ಹೆಸರು ಬ್ರೂಸ್ ವೇಯ್ನ್ ಅಲ್ಲವೇ. ‘ಅವನಿರಲಿ, ಬರೆದವನು?’

ಕೊಡಗಿನಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮುಂದೆ, ತನ್ನ ಹೆಸರು ಹಿಂದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ‘ಕೆ’ ಎಂದರೆ ಕೊಡಂದೇರ. ಅರೆಭಾಷೆ ಗೌಡರಲ್ಲೂ ಮನೆ ಹೆಸರು ತಿಳಿದ ಮೇಲೆಯೇ ಮಾತು ಮುಂದುವರಿಯುವುದು. 1997ರಲ್ಲಿ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿಯಲ್ಲಿ ತಂಡಗಳಿಗೆ ಹುಲಿ, ಸಿಂಹ ಎಂಬ ಬಿರುದುಗಳಿಲ್ಲ, ಒಕ್ಕದ ಹೆಸರಿನಲ್ಲೇ ಆಟ. ಹೀಗಿರುವ ಊರಿನಲ್ಲಿ ಕೂತು ನಾನು ಪುಸ್ತಕಗಳನ್ನು ಯಾವನೋ ಮುಖವಾಡದವನ ಹೆಸರಿನಲ್ಲಿ ಜೋಡಿಸುತ್ತಿದ್ದೆ.

ಮಾವ ಎತ್ತಿಕೊಂಡ ಸಂಪುಟದಲ್ಲಿ ಸೃಷ್ಟಿಕರ್ತ ಎಂದು ಇದ್ದದ್ದು ಬಾಬ್ ಕೇನ್ ಹೆಸರೊಂದೇ. 1939ರ ಆ ಮೊದಲ ಕಥೆಯನ್ನು ಬರೆದವನು, ಆ ಮುಸುಕು ಮತ್ತು ಮೇಲುಹೊದಿಕೆಗೆ ರೂಪ ಕೊಟ್ಟವನು ಬಿಲ್ ಫಿಂಗರ್. ಅವನು 1974ರಲ್ಲಿ ತೀರಿಕೊಂಡ. ಅಧಿಕೃತವಾಗಿ ಹೆಸರು ಸೇರಿದ್ದು 2015ರಲ್ಲಿ. ಸೂಪರ್‌ಮ್ಯಾನ್‌ನ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅವನ ಹಕ್ಕುಗಳನ್ನು ಮಾರಿದ್ದು 130 ಡಾಲರಿಗೆ. ಬೇರೆ ಕೆಲಸಗಳ ಹಣವೂ ಸೇರಿ 412 ಡಾಲರಿನ ಚೆಕ್ಕು ಬಂತು, ಅದರಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪು. ಅದೇ ಚೆಕ್ಕು 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಅವರಿಬ್ಬರಿಗೆ ವರ್ಷಕ್ಕೆ 20,000 ಡಾಲರಿನ ಜೀವನಾಂಶ ಮತ್ತು ಪುಸ್ತಕದ ಮೇಲೆ ಹೆಸರು ಸಿಕ್ಕಿದ್ದು 1975ರ ಕೊನೆಯಲ್ಲಿ, ಅದೂ ಪತ್ರಿಕೆಗಳಲ್ಲಿ ಗದ್ದಲವೆದ್ದ ಮೇಲೆ. ಮಾರ್ವೆಲ್ ಕಡೆ ಚಿತ್ರಕಾರ ಜ್ಯಾಕ್ ಕರ್ಬಿಯ ಮಕ್ಕಳು ಅವನ ಪಾತ್ರಗಳ ಹಕ್ಕಿಗಾಗಿ ವ್ಯಾಜ್ಯವಾಡಿ, 2014ರಲ್ಲಿ ರಾಜಿಯಾಯಿತು.

ಈ ಕಾರಣಕ್ಕೆ ಪಟ್ಟಿಯನ್ನು ಹರಿದು ಹೊಸದಾಗಿ ಬರೆದೆ. ಮೊದಲ ಅಂಕಣ ಮಾಡಿದವರ ಹೆಸರು; ಎರಡನೆಯದು ವರ್ಷ; ನಾಯಕ ಮೂರನೆಯ ಅಂಕಣಕ್ಕೆ ಹೋದ. ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಪ್ರಕಾಶಕರು ಮತ್ತೆ ಬದಲಾಯಿಸಿದರೆ ಅಳಿಸಬಹುದು. ಕಥೆಗಾರ ಮೊದಲೋ ಚಿತ್ರಕಾರ ಮೊದಲೋ ಎಂಬ ವಿಷಯದಲ್ಲಿ ಮಗಳಿಗೂ ನನಗೂ ಇನ್ನೂ ಒಪ್ಪಂದವಾಗಿಲ್ಲ. ‘ಅಪ್ಪಾ, ಕಥೆ ಇಲ್ಲದೆ ಅವರು ಏನನ್ನು ಬಿಡಿಸುತ್ತಾರೆ?’ ಎಂಬುದು ಅವಳ ವಾದ. ಪುಟ ತೆರೆದಾಗ ಕಣ್ಣಿಗೆ ಮೊದಲು ಬೀಳುವುದು ಗೆರೆ, ಅದಕ್ಕಾಗಿ ಚಿತ್ರಕಾರ ಮೊದಲು ಎಂಬುದು ನನ್ನದು. ಸದ್ಯಕ್ಕೆ ನನ್ನದೇ ನಡೆಯುತ್ತಿದೆ, ಪೆಟ್ಟಿಗೆಗೆ ದುಡ್ಡು ಕೊಟ್ಟವನು ನಾನಲ್ಲವೇ. ಜುಲೈಯಲ್ಲಿ ಹೊಸ ಸೂಪರ್‌ಮ್ಯಾನ್ ಚಿತ್ರ ನೋಡಲು ಮೈಸೂರಿಗೆ ಹೋದಾಗ, ಪರದೆಯ ಮೇಲೆ ಸೀಗಲ್ ಮತ್ತು ಶುಸ್ಟರ್ ಹೆಸರು ಬಂದೊಡನೆ ಅವಳು ‘ಮೊದಲು ಸೀಗಲ್! ನೋಡಿದಿರಾ?’ ಎಂದು ಮೊಣಕೈಯಿಂದ ತಿವಿದಳು.

ಹೀಗೆ ಜೋಡಿಸಿದ್ದರಿಂದ ಒಂದು ಲಾಭವಾಯಿತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರ ಪ್ರಕಾಶಕ ಡಿಸಿ ಮತ್ತು ಸ್ಪೈಡರ್‌ಮ್ಯಾನ್‌ನ ಪ್ರಕಾಶಕ ಮಾರ್ವೆಲ್ ನಡುವಿನ ಗೋಡೆ ಬಿತ್ತು. ಚಿತ್ರಕಾರ ಜಾರ್ಜ್ ಪೆರೆಜ್ ಎರಡೂ ಕಡೆ ದುಡಿದವನು. ಅವನ ಪುಸ್ತಕಗಳೆಲ್ಲ ಈಗ ಒಂದೇ ಪೆಟ್ಟಿಗೆಯಲ್ಲಿವೆ. ಕಥೆಗಾರ ಕರ್ಟ್ ಬ್ಯೂಸಿಕ್ ಜತೆ ಅವನು 2003-04ರಲ್ಲಿ ಮಾಡಿದ ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಜಂಟಿ ಕಥೆಯನ್ನು, ಅವನ ಅನಾರೋಗ್ಯದ ಸುದ್ದಿ ತಿಳಿದ ಮೇಲೆ 2022ರಲ್ಲಿ ಎರಡೂ ಸಂಸ್ಥೆಗಳು ಕೂಡಿ ಮರುಮುದ್ರಿಸಿದವು, ಅದೂ 7,000 ಪ್ರತಿ ಮಾತ್ರ. ಅದೇ ವರ್ಷದ ಮೇ ತಿಂಗಳಲ್ಲಿ ಅವನು ತೀರಿಕೊಂಡ. ಆ ಜಂಟಿ ಕಥೆಯ ನಂತರ ಎರಡು ದಶಕ ಮುಖ ತಿರುಗಿಸಿಕೊಂಡಿದ್ದ ಪ್ರಕಾಶಕರು 2025ರ ಸೆಪ್ಟೆಂಬರಿನಲ್ಲಿ ಡೆಡ್‌ಪೂಲ್ ಮತ್ತು ಬ್ಯಾಟ್‌ಮ್ಯಾನ್‌ರನ್ನು ಸೇರಿಸಿದರು. ಮಾರ್ವೆಲ್‌ನದು ಜೆಬ್ ವೆಲ್ಸ್ ಕಥೆ, ಗ್ರೆಗ್ ಕಪುಲೊ ಚಿತ್ರ. ನವೆಂಬರಿನ ಡಿಸಿ ಸಂಚಿಕೆ ಗ್ರಾಂಟ್ ಮಾರಿಸನ್ ಮತ್ತು ಡಾನ್ ಮೋರಾ ಅವರದು. ಡೆಡ್‌ಪೂಲ್‌ನ ವಾಚಾಳಿತನ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಆದರೆ ಹಳೆಯ ಪಟ್ಟಿಯಲ್ಲಾಗಿದ್ದರೆ ಇದನ್ನು ಯಾರ ಕಪಾಟಿಗೆ ಹಾಕುವುದು ಎಂದು ತಲೆ ಕೆರೆದುಕೊಳ್ಳಬೇಕಿತ್ತು. ಈಗ ಸೀದಾ ಕಪುಲೊ ಮನೆಗೆ, ಮೋರಾ ಮನೆಗೆ.

ದಶಕಗಳ ಕಾಲ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆಲ್ಲ ಸರಕು ಹಂಚುತ್ತಿದ್ದ ಡೈಮಂಡ್ ಸಂಸ್ಥೆ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದ್ದೂ ಇದೇ ವರ್ಷ. ಡಿಸಿ 2020ರಲ್ಲೇ ಅದನ್ನು ಬಿಟ್ಟು ಹೋಗಿತ್ತು, ಮಾರ್ವೆಲ್ 2021ರಲ್ಲಿ ಪೆಂಗ್ವಿನ್ ರಾಂಡಮ್ ಹೌಸ್ ಕಡೆಗೆ ಹೊರಳಿತ್ತು. ಪೆಟ್ಟು ಬಿದ್ದದ್ದು ಗೋದಾಮಿನಲ್ಲಿ ಪುಸ್ತಕ ಇಟ್ಟಿದ್ದ ಸಣ್ಣ ಪ್ರಕಾಶಕರಿಗೆ. ಬಿಡಿ ಸಂಚಿಕೆ ಬಾರದ ಮಡಿಕೇರಿಯಲ್ಲಿ, ವರ್ಷ ತಡವಾಗಿ ಬರುವ ಸಂಪುಟಗಳನ್ನು ನಂಬಿದ ನನ್ನಂಥವನಿಗೆ ಅದರ ಬಿಸಿ ತಟ್ಟಲಿಲ್ಲ.

ಉಳಿದಿರುವುದು ಇಂದ್ರಜಾಲದ ಪೆಟ್ಟಿಗೆ. 1964ರ ಮಾರ್ಚಿನಿಂದ 1990ರವರೆಗೆ ಬಂದ ಮಾಲೆ. ಲೀ ಫಾಕ್ ಹೆಸರಿನ ಅಡಿಯಲ್ಲಿ ಫ್ಯಾಂಟಮ್, ಮಾಂಡ್ರೇಕ್ ಇಬ್ಬರೂ ಕೂತರು. 1976ರಲ್ಲಿ ಬಂದ ಬಹಾದ್ದೂರ್‌ನನ್ನು ಆಬಿದ್ ಸುರ್ತಿ ಮತ್ತು ಗೋವಿಂದ ಬ್ರಾಹ್ಮಣಿಯಾ ಹೆಸರಿಗೆ ಹಾಕಿದೆ. ಕನ್ನಡ ಪ್ರತಿಗಳಲ್ಲಿ ಮಾತ್ರ ಕೈ ನಿಂತಿತು. ನಾನು ಏಳನೆಯ ತರಗತಿಯಲ್ಲಿ ಫ್ಯಾಂಟಮ್ ಇರುವ ಡೆಂಕಾಲಿಯ ಕಾಡನ್ನು ತಿಳಿದದ್ದು ಆ ಕನ್ನಡದಿಂದ. ಅದನ್ನು ಬರೆದವರು ಯಾರೆಂದು ನನ್ನ ಬಳಿಯ ಒಂದು ಪ್ರತಿಯಲ್ಲೂ ಕಾಣಲಿಲ್ಲ. ಆ ಅಂಕಣವನ್ನು ಖಾಲಿ ಬಿಟ್ಟಿದ್ದೇನೆ, ಗೆರೆ ಎಳೆದು ಹೊಡೆದಿಲ್ಲ.

ಮುಖಪುಟ ಹರಿದಿದ್ದರೂ ಅಡ್ಡಿಯಿಲ್ಲ, ಕನ್ನಡದ ಇಂದ್ರಜಾಲ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಒಳಪುಟದಲ್ಲಿ ಅನುವಾದಕರ ಹೆಸರು ಇದೆಯೇ ಎಂದು ನೋಡಿ ತಿಳಿಸಿ. ಕೊಡುವ ಮನಸ್ಸಿದ್ದರೆ ಬದಲಿಗೆ ಕೊಡಲು ರಾಜ್ ಕಾಮಿಕ್ಸ್‌ನ ನಾಗರಾಜ್ ಮತ್ತು ಧ್ರುವನ ಜೋಡಿ ಪ್ರತಿಗಳಿವೆ. ಅಂಚೆಯಲ್ಲಿ ಕಳಿಸುವುದಾದರೆ ಮೇ ತಿಂಗಳೊಳಗೆ ಕಳಿಸಬೇಕು. ಜೂನ್ ನಂತರ ಬಂದದ್ದನ್ನು ಮುಂದಿನ ಬೇಸಿಗೆಯಲ್ಲಿ ಆರಿಸುವವರೆಗೆ ಪೆಟ್ಟಿಗೆಗೆ ಸೇರಿಸುವುದಿಲ್ಲ.