ಹೊಗೆ ಕಾಣದ ಬೆಂಕಿ: ಸೌದೆಯ ತೇವ ಕೊನೆಗೂ ಇಳಿಯಿತು

ಒಲೆ ಕೂರಿಸಿದ್ದು, ಹೊಗೆಕೊಳವೆ ಏರಿಸಿದ್ದು ನಿಮಗೆಲ್ಲ ಪರಿಚಿತ ಕೆಲಸಗಳಾದ್ದರಿಂದ ಅವನ್ನು ಬಿಟ್ಟು, ಕಳೆದ ಚಳಿಗಾಲದಿಂದ ನನ್ನನ್ನು ಕಾಡಿದ ಸೌದೆಯ ತೇವದ ವಿಚಾರಕ್ಕೇ ಬರುತ್ತೇನೆ.

ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ತಪ್ಪಲಿನ ನಾರ್ತ್ ಬೆಂಡ್ ಸುತ್ತಮುತ್ತ, ಗಾಳಿಯಾಡದ ಚಳಿಯ ರಾತ್ರಿಗಳಲ್ಲಿ ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತು ಹೊಗೆಯನ್ನು ಕಣಿವೆಯಲ್ಲೇ ಹಿಡಿದಿಡುತ್ತದೆ. ಅಂಥ ದಿನಗಳಲ್ಲಿ ಸೌದೆ ಉರಿಸುವುದರ ಮೇಲೆ ಜಾರಿಯಾಗುವ ನಿರ್ಬಂಧದ ಮೊದಲ ಹಂತದಲ್ಲಿ, ಕಡಿಮೆ ಹೊಗೆಯದೆಂದು ಪ್ರಮಾಣೀಕೃತವಾದ ಒಲೆ ಉರಿಸಬಹುದು, ಆದರೆ ಹೊಗೆ ಕಣ್ಣಿಗೆ ಕಾಣಬಾರದು. ಎರಡನೆಯ ಹಂತದಲ್ಲಿ, ಬೇರೆ ಸಾಕಷ್ಟು ಶಾಖದ ವ್ಯವಸ್ಥೆಯಿಲ್ಲವೆಂದು ವಿನಾಯಿತಿ ಪಡೆದ ಮನೆಗಳನ್ನು ಬಿಟ್ಟರೆ ಯಾರೂ ಸೌದೆ ಹಚ್ಚುವಂತಿಲ್ಲ. ನಿಯಮ ನ್ಯಾಯವಾದದ್ದೆಂದೇ ನಾನು ನಂಬಿದ್ದೇನೆ. ನಮ್ಮ ಒಲೆಯ ಸೂಕ್ಷ್ಮ ಕಣಗಳು ಪಕ್ಕದ ಮನೆಯ ಮಗುವಿನ ಎದೆಗೂ ಇಳಿಯುತ್ತವೆ.

ಸೌದೆಯ ತೇವಾಂಶ ಶೇ. 20 ಮೀರಬಾರದೆಂಬುದು ರಾಜ್ಯದ ಕಾನೂನು. ಮಾರುವವರು ‘ಚೆನ್ನಾಗಿ ಒಣಗಿದೆ’ ಎಂದು ಇಳಿಸಿಹೋದ ಡಗ್ಲಸ್ ಫರ್ ಮರದ ಸೌದೆ, ಎರಡು ಮೊಳೆ ಚುಚ್ಚಿ ತೇವ ಅಳೆಯುವ ಮೀಟರಿನಲ್ಲಿ, ಹೊರಮೈಗೆ ಶೇ. 18 ತೋರಿಸುತ್ತಿತ್ತು. ಒಲೆಯಲ್ಲಿ ಮಾತ್ರ ಬುಸುಗುಟ್ಟುತ್ತ ಗಾಜನ್ನು ಕಪ್ಪಾಗಿಸುತ್ತಿತ್ತು. ಈ ಮೊಳೆಯ ಮೀಟರು ನಿಜಕ್ಕೂ ಅಳೆಯುವುದು ಮರದ ವಿದ್ಯುತ್ ರೋಧವನ್ನು; ತಣ್ಣಗಿರುವ ಮರದಲ್ಲಿ ರೋಧ ಹೆಚ್ಚುವುದರಿಂದ ಅದು ಇರುವುದಕ್ಕಿಂತ ಒಣಗಿದಂತೆ ತೋರುತ್ತದೆ. ತುಂಡುಗಳನ್ನು ರಾತ್ರಿಯಿಡೀ ಒಳಗಿಟ್ಟು, ಬೆಳಿಗ್ಗೆ ಸೀಳಿ, ಹೊಸ ಮುಖದ ನಡುವೆ ನಾರಿನ ಉದ್ದಕ್ಕೆ ಮೊಳೆಯೂರಿದಾಗ 29 ಬಂತು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2.26 ಮೆಗಾಜೂಲ್ ಶಾಖ ಬೇಕು; ಆ ಶಾಖ ಬೆಂಕಿಯಿಂದಲೇ ಹೋಗುವಾಗ ಮರದ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೊರಡುತ್ತವೆ.

ಮಲೆನಾಡಿನವರು ಮಳೆಗೆ ಮುನ್ನವೇ ಸೌದೆ ಒಳಸೇರಿಸುತ್ತಾರೆ. ಇಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ ಆದ್ದರಿಂದ ಒಣಗಿಸಲು ದಕ್ಕುವುದು ಬೇಸಿಗೆಯೊಂದೇ. ಎಲ್ಲವನ್ನೂ ಮಣಿಕಟ್ಟಿನ ದಪ್ಪಕ್ಕೆ ಮರುಸೀಳಿ, ನೆಲದಿಂದ ಎತ್ತರಿಸಿ, ಕಡಿದ ತುದಿಗಳು ಗಾಳಿಗೆ ಒಡ್ಡಿಕೊಳ್ಳುವಂತೆ ಒಂಟಿ ಸಾಲಿನಲ್ಲಿ ಒಟ್ಟಿ, ಮೇಲಕ್ಕೆ ಮಾತ್ರ ತಗಡು ಹೊದಿಸಿದೆ. ಈ ಬಾರಿ ಮೊದಲ ಹಂತದ ನಿರ್ಬಂಧ ಬಂದ ದಿನ ಮೀಟರು 17 ತೋರಿಸಿತು. ಚಕ್ಕೆಗಳನ್ನು ಮೇಲಿಟ್ಟು ಮೇಲಿನಿಂದಲೇ ಹಚ್ಚಿ ಅಂಗಳಕ್ಕೆ ಓಡಿ ನೋಡಿದರೆ, ಕೊಳವೆಯ ಬಾಯಲ್ಲಿ ಬಿಸಿಗಾಳಿಯ ನಡುಕವಷ್ಟೇ ಇತ್ತು. ಆ ಸಂತೋಷಕ್ಕೆ ಮಡದಿಯನ್ನೂ ಹೊರಗೆ ಕರೆದು ತೋರಿಸಿದೆ.

ಮುಂದಿನ ಕೆಲಸ, ಬಿರುಗಾಳಿಗೆ ಬಿದ್ದ ಬಿಗ್‌ಲೀಫ್ ಮೇಪಲ್ ಮರಕ್ಕಾಗಿ ಬಿಸಿಲಗೂಡು, ಅಂದರೆ ಬಿಸಿಲಿನ ಶಾಖದಿಂದ ಮರ ಒಣಗಿಸುವ ಗೂಡು. ಒಣಗಿಸುವುದು ಸೂರ್ಯ ಎತ್ತರದಲ್ಲಿರುವ ಬೇಸಿಗೆಯಲ್ಲಾದ್ದರಿಂದ, ನಮ್ಮ ಅಕ್ಷಾಂಶ 47 ಡಿಗ್ರಿ ದಾಟಿದ್ದರೂ ದಕ್ಷಿಣದ ಮಾಡಿಗೆ 30 ಡಿಗ್ರಿ ಇಳಿಜಾರೇ ಸಾಕೆಂದುಕೊಂಡಿದ್ದೇನೆ. ಮಾಡಿಗೆ ಬೇಕಾದ, ಬಿಸಿಲು ಹಾಯುವ ಪಾಲಿಕಾರ್ಬೊನೇಟ್ ಹಾಳೆ ಕೊಡುವವರು ‘ಮುಂದಿನ ವಾರ’ ಎನ್ನುತ್ತಲೇ ಇದ್ದಾರೆ. ಅಷ್ಟರೊಳಗೆ, ಇಂಥ ಗೂಡು ಕಟ್ಟಿದವರು ಮೇಲಿನ ಗಾಳಿಕಿಂಡಿಯನ್ನು ಎಷ್ಟು ಅಗಲ ಬಿಟ್ಟಿದ್ದೀರೆಂದು ದಯವಿಟ್ಟು ತಿಳಿಸಿ.