ಮೊದಲ ಪುಟ ಮತ್ತು ಒತ್ತಕ್ಷರದ ಜಾಗ

ನಾವು ಓದುವಾಗ ಕಾಲೇಜಿನ ವಾರ್ಷಿಕ ಸಂಚಿಕೆ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರಿನಲ್ಲಿ ತಯಾರಾಗುತ್ತಿತ್ತು. 2001ರ 7.0 ಪೇಜ್‌ಮೇಕರಿನ ಕೊನೆಯ ಆವೃತ್ತಿ. ಆಮೇಲೂ ಸಣ್ಣ ಪ್ರೆಸ್ಸುಗಳು ಅದನ್ನು ವರ್ಷಗಟ್ಟಲೆ ಬಿಡಲಿಲ್ಲ. ಈಗಿನವರ ಕೈಯಲ್ಲಿ ಇನ್‌ಡಿಸೈನ್ ಇದೆ, ಸ್ಕ್ರೈಬಸ್ ಇದೆ. ಆದರೆ ಕನ್ನಡದ ಪುಟ ಕೆಡುವುದು ಅಂದೂ ಇಂದೂ ಒಂದೇ ಕಡೆ, ಸಾಲಿನ ಕೆಳಗೆ ನೇತಾಡುವ ಒತ್ತಿನಲ್ಲಿ.

ಮಂಡಗದ್ದೆಯ ಹಕ್ಕಿಗಳ ಮೇಲೆ ಒಂದು ಎ4 ಪುಟ ಮಾಡಬೇಕು ಅಂದುಕೊಳ್ಳಿ. ಅಕ್ಷರ 12 ಪಾಯಿಂಟ್. ಲೀಡಿಂಗ್, ಅಂದರೆ ಸಾಲಿನಿಂದ ಸಾಲಿಗಿರುವ ಅಂತರ, ‘ಆಟೋ’ ಇದ್ದರೆ ಸಾಫ್ಟ್‌ವೇರ್ 120 ಪರ್ಸೆಂಟ್ ಲೆಕ್ಕ ಹಾಕಿ 14.4 ಪಾಯಿಂಟ್ ಕೊಡುತ್ತದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ‘ರಾಷ್ಟ್ರ’ದ ಎರಡು ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. 17 ಪಾಯಿಂಟ್ ಕೊಡಿ. ಅದು ಹೆಚ್ಚುಕಡಿಮೆ 6 ಮಿಲಿಮೀಟರ್, ಹಾಗಾಗಿ ಮುಂದಿನ ಲೆಕ್ಕವೆಲ್ಲ ಸಲೀಸು. ಮೇಲೆ 20, ಕೆಳಗೆ 25 ಮಿ.ಮೀ. ಬಿಟ್ಟರೆ 297ರಲ್ಲಿ 252 ಉಳಿಯುತ್ತದೆ, ಸರಿಯಾಗಿ 42 ಸಾಲು. ಹೊಲಿಗೆಯ ಬದಿಗೆ 20, ಹೊರಬದಿಗೆ 15, ಕಾಲಂ ನಡುವೆ 5 ಬಿಟ್ಟರೆ ತಲಾ 85 ಮಿ.ಮೀ.ನ ಎರಡು ಕಾಲಂ. ಫೋಟೊ, ಅದರ ಅಡಿಬರಹ ಮತ್ತು ಸುತ್ತಲಿನ ಖಾಲಿ ಜಾಗ ಸೇರಿ ಎತ್ತರ 6ರ ಗುಣಕದಲ್ಲಿರಲಿ. ಇಲ್ಲದಿದ್ದರೆ ಅಕ್ಕಪಕ್ಕದ ಕಾಲಮ್ಮಿನ ಸಾಲುಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ. ಮೂರು ಕಾಲಂ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಕನ್ನಡದ ಉದ್ದುದ್ದ ಪದಗಳು ಅಷ್ಟು ಸಣ್ಣ ಅಗಲದಲ್ಲಿ ಕೂರುವುದಿಲ್ಲ, ಜಸ್ಟಿಫೈ ಮಾಡಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಗುಂಡಿ ಬೀಳುತ್ತದೆ.

ಸಾಲಿನ ಕೊನೆಯಲ್ಲಿ ಪದ ಒಡೆಯುವ ಹೈಫನೇಶನ್ ಮೊದಲೇ ಆಫ್ ಮಾಡಿ. ನುಡಿಯ ಹಳೆಯ ಫಾಂಟ್‌ಗಳನ್ನು ಸಾಫ್ಟ್‌ವೇರ್ ಇಂಗ್ಲಿಷ್ ಅಕ್ಷರವೆಂದೇ ತಿಳಿಯುವುದರಿಂದ ಅಕ್ಷರ ಒಂದು ಸಾಲಿನಲ್ಲಿ, ಅದರ ಒತ್ತು ಮುಂದಿನ ಸಾಲಿನಲ್ಲಿ ಬೀಳಬಹುದು. ವರ್ಡ್‌ನ ಆಟೋಕರೆಕ್ಟ್ ಕೂಡ ಇದೇ ಕಾರಣಕ್ಕೆ ಅಪಾಯ: ವಾಕ್ಯದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡಹೋಗಿ ಕನ್ನಡದ ಬೇರೊಂದು ಅಕ್ಷರ ತಂದಿಡುತ್ತದೆ.

ಇನ್‌ಡಿಸೈನ್‌ಗೆ ಯೂನಿಕೋಡ್ ಲೇಖನ ಹಾಕಿದಾಗ ‘ತೀರ್ಥಹಳ್ಳಿ’ಯನ್ನು ನೋಡಿ. ಅರ್ಕಾವತ್ತು ‘ಥ’ದ ಬಲಕ್ಕೆ ಬರದೆ ‘ರ್’ ಬಿಡಿಯಾಗಿ ನಿಂತಿದ್ದರೆ, ‘ಳ್ಳಿ’ಯ ಒತ್ತು ಕೆಳಗಿಳಿಯದಿದ್ದರೆ ಫಾಂಟ್ ಬದಲಾಯಿಸುತ್ತ ಕೂರಬೇಡಿ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು, ಜಸ್ಟಿಫಿಕೇಶನ್ ವಿಭಾಗದಲ್ಲಿ ಸಾಲು ಜೋಡಿಸುವ ಕಂಪೋಸರ್ ಅನ್ನು ‘ಅಡೋಬಿ ವರ್ಲ್ಡ್-ರೆಡಿ’ಗೆ ಬದಲಿಸಿ. ಸ್ಟೈಲ್‌ನಲ್ಲೇ ಮಾಡಿದರೆ ಇಡೀ ಸಂಚಿಕೆಗೆ ಅನ್ವಯಿಸುತ್ತದೆ. ಸ್ಕ್ರೈಬಸ್‌ನ 1.4 ಸರಣಿಯಲ್ಲಿ ಕನ್ನಡ ಕೂಡಿಕೊಳ್ಳುವುದೇ ಇಲ್ಲ, 1.5.3 ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್‌ನ ‘ತುಂಗಾ’ ಫಾಂಟಿಗೆ ನಮ್ಮ ಹೊಳೆಯ ಹೆಸರಿದೆ ಅಂತ ಪುಟಕ್ಕೆಲ್ಲ ಬಳಿಯುವವರಿದ್ದಾರೆ. ಪರದೆಗೆ ಸರಿ, ಅಚ್ಚಿಗೆ ನನಗೆ ಒಪ್ಪಿಗೆಯಿಲ್ಲ.

ನುಡಿಯ ಹಳೆಯ ಫೈಲನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಪ್ರೂಫ್ ಇನ್ನೊಮ್ಮೆ ನೋಡಲೇಬೇಕು, ಅದರಲ್ಲೂ ಅರ್ಕಾವತ್ತು, ಅಂಕಿ ಮತ್ತು ಮಧ್ಯೆ ಬಂದ ಇಂಗ್ಲಿಷ್ ಪದಗಳನ್ನು.

ಫೋಟೊಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ. ಒಂದು ಕಾಲಮ್ಮಿಗೆ ಸುಮಾರು 1000 ಪಿಕ್ಸೆಲ್ ಅಗಲ, ಎರಡಕ್ಕೂ ಹರಡಿದರೆ 2070. ವಾಟ್ಸಾಪ್‌ನಲ್ಲಿ ಫೋಟೊ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪಠ್ಯದ ಕಪ್ಪು ‘ಕೆ 100’ ಮಾತ್ರ, ಅಂದರೆ ಕಪ್ಪು ಶಾಯಿಯೊಂದೇ, ಇರಲಿ. ಪರದೆಯ ಬಣ್ಣಗಳಾದ ಆರ್‌ಜಿಬಿಯ ಕಪ್ಪು ನಾಲ್ಕು ಶಾಯಿಗೆ ಒಡೆಯುತ್ತದೆ, ಪ್ಲೇಟ್ ಕೂದಲೆಳೆ ಸರಿದರೂ ಸಣ್ಣ ಒತ್ತುಗಳ ಸುತ್ತ ಬಣ್ಣದ ಅಂಚು ಕಾಣುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಪ್ರೂಫ್ ತೆಗೆಯುವುದಾದರೆ ಕಾಗದದ ರೀಮನ್ನು ಬೇಕಾದಾಗಷ್ಟೇ ಒಡೆಯಿರಿ. ಶೀತ ಹಿಡಿದ ಹಾಳೆ ಲೇಸರ್ ಪ್ರಿಂಟರಿನ ಬಿಸಿಗೆ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ. ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ, ಯುಪಿಎಸ್ ಇದ್ದರೂ ಕಂಟ್ರೋಲ್-ಎಸ್ ಒತ್ತುತ್ತಿರಿ.

ನಡುವೆ ಪಿನ್ ಹೊಡೆಯುವ ಸಂಚಿಕೆಯಾದರೆ ಪುಟಗಳ ಸಂಖ್ಯೆ 4ರಿಂದ ಭಾಗವಾಗಬೇಕು. ಅಂಚಿನವರೆಗೆ ಹೋಗುವ ಚಿತ್ರವನ್ನು 3 ಮಿ.ಮೀ. ಹೊರಗೆ ಚಾಚಿ, ಫಾಂಟ್ ಒಳಗೇ ಸೇರಿದ (ಎಂಬೆಡ್ ಆದ) ಪಿಡಿಎಫ್ ಅನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ ಪ್ರೆಸ್ಸಿಗೆ ಕಳಿಸಿ.